ಎದುರು ದಡದ ಪರದೆ

"ಗುರುಗಳೇ, ನಮ್ಮ ಚಿತ್ರಪ್ರಶಸ್ತಿಗೆ ಹೊರದೇಶದ ಸಿನಿಮಾಗಳನ್ನೂ ಸೇರಿಸಿಕೊಳ್ಳಬೇಕೇ?" ಎಂದು ಚಿದಂಬರ ಕೇಳಿದ. ಅವನು ಸಿನಿಮಾ ಮಾಡುವವನು. ಪ್ರಶಸ್ತಿ ಕೊಡುವ ಸಂಘದ ಸಭೆ ಮರುದಿನವಿತ್ತು. ಅಲ್ಲಿ ಅವನ ಮಾತು ನಡೆಯುತ್ತಿತ್ತು.

"ಈ ವರ್ಷ ನಿನ್ನ ಸಿನಿಮಾನೂ ಕಣದಲ್ಲಿದೆಯಲ್ಲಪ್ಪಾ?" ಎಂದರು ಗುರುಗಳು.

"ಇದೆ. ಹೊರಗಿನವು ಬಾರದಿದ್ದರೆ ನನಗೇ ಬರುತ್ತದೆ ಅನ್ನುತ್ತಾರೆ."

"ಸದ್ಯ, ನಿಜ ಹೇಳಿದೆ. ಕೂತುಕೋ," ಎಂದು ಗುರುಗಳು ನಕ್ಕು ಕತೆ ಶುರುಮಾಡಿದರು.

ಸಣ್ಣ ಹೊಳೆಯ ದಡದಲ್ಲಿ ಒಂದು ಊರು. ಆ ಊರಿನವರಿಗೆ ತೊಗಲುಗೊಂಬೆ ಆಟವೆಂದರೆ ಪ್ರಾಣ. ವರ್ಷಕ್ಕೊಮ್ಮೆ ಆಟಗಾರರೆಲ್ಲ ಪಂದ್ಯ ಕಟ್ಟಿ ಆಡುತ್ತಿದ್ದರು. ಗೆದ್ದವನಿಗೆ ಒಂದು ಹೊಸ ಬಿಳಿ ಪರದೆ. ಅದಕ್ಕೆ ಪ್ರತಿ ಮನೆಯವರೂ ನೂಲು ತೆಗೆದುಕೊಡುವುದು ಪದ್ಧತಿ. 'ಲೋಕದಲ್ಲೇ ದೊಡ್ಡ ಆಟಗಾರ' ಎಂದು ಕೂಗಿ ಅದನ್ನು ಅವನ ಹೆಗಲಿಗೆ ಹೊದಿಸುತ್ತಿದ್ದರು. ಲೋಕವೆಂದರೆ ಅವರ ಪಾಲಿಗೆ ಹೊಳೆಯ ಈಚೆ ದಡ.

ಒಬ್ಬ ಆಟಗಾರ ಆ ಪರದೆಯನ್ನು ಬಹಳ ಸಲ ಗೆದ್ದಿದ್ದ. ಆದರೂ ಅವನಿಗೊಂದು ಕೊರಗಿತ್ತು. ತನ್ನ ತಾಯಿ ತೀರಿಕೊಂಡ ಗಳಿಗೆಯನ್ನು ಆಟದಲ್ಲಿ ತರಬೇಕೆಂದು ಅವನಿಗೆ ಬಲು ಆಸೆ. ಆ ಊರಿನಲ್ಲಿ ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದೇ ಆಡಿಸಬೇಕು, ನೆರಳು ಚೊಕ್ಕವಾಗಿರಬೇಕು. ಸಾಯುವ ಗೊಂಬೆಯನ್ನು ಮಲಗಿಸಿ, ಪ್ರಾಣ ಹೋಯಿತೆಂದು ಹಾಡುವರು. ಅವನೂ ಹಾಗೇ ಮಾಡುತ್ತಿದ್ದ. ಜನ ತಲೆದೂಗುತ್ತಿದ್ದರು. ಅವನಿಗೆ ಮಾತ್ರ ಅದು ತನ್ನ ತಾಯಿಯ ಸಾವು ಅನ್ನಿಸುತ್ತಿರಲಿಲ್ಲ.

ಒಂದು ವರ್ಷ ಪಂದ್ಯದ ದಿನ ಹೊಳೆಯಲ್ಲಿ ದೋಣಿಯೊಂದು ಬಂತು. ಗೊಂಬೆಗಳ ಗಂಟು ಹೊತ್ತ ಹೆಂಗಸೊಬ್ಬಳು ಇಳಿದಳು. ಅವಳ ಮಾತು ಯಾರಿಗೂ ತಿಳಿಯಲಿಲ್ಲ. ತಾನೂ ಆಡುತ್ತೇನೆಂದು ಕೈಸನ್ನೆಯಲ್ಲಿ ಕೇಳಿದಳು. ಹಿರಿಯರು ಆಟಗಾರನ ಮುಖ ನೋಡಿದರು.

"ಅವಳ ಭಾಷೆ ನಮಗೆ ಬಾರದು. ತಿಳಿಯದ್ದನ್ನು ತೂಗುವುದು ಹೇಗೆ? ಬೇಕಿದ್ದರೆ ಎದುರು ದಡದಲ್ಲಿ ಆಡಿಕೊಳ್ಳಲಿ," ಎಂದ ಅವನು. ಒಳಗೊಳಗೆ ಅವನಿಗೆ ಹೆದರಿಕೆಯಾಗಿತ್ತು.

ಹಿರಿಯರು ಆಚೆ ದಡದ ಕಡೆಗೆ ಕೈ ತೋರಿಸಿದರು. ಅವಳು ದೋಣಿ ತಿರುಗಿಸಿದಳು. ಆಚೆ ದಡದಲ್ಲಿ ಎರಡು ಮರಗಳ ನಡುವೆ ತನ್ನ ಬಟ್ಟೆ ಕಟ್ಟಿ, ಹಿಂದೆ ದೀಪ ಹಚ್ಚಿದಳು. ಕತ್ತಲಾಯಿತು. ಈಚೆ ದಡದಲ್ಲಿ ಆಟಗಾರ ಹಾಡು ಎತ್ತಿಕೊಂಡ. ಸ್ವಲ್ಪ ಹೊತ್ತಿಗೆ ಪರದೆಯ ಮುಂದಿನ ಸದ್ದು ಅಡಗಿತು. ಇಣುಕಿ ನೋಡಿದರೆ, ಜನ ನಿದ್ದೆಯಲ್ಲಿ ನಡೆಯುವವರ ಹಾಗೆ ಒಬ್ಬೊಬ್ಬರೇ ಎದ್ದು ಹೋಗಿ ನೀರಿನಂಚಿಗೆ ನಿಂತಿದ್ದರು. ಕೈಯಲ್ಲಿ ಗೊಂಬೆ ಹಿಡಿದುಕೊಂಡೇ ಅವನೂ ಹೋದ.

ಆಚೆಯ ಪರದೆಯಲ್ಲಿ ಒಬ್ಬ ಮುದುಕಿ ಮಲಗಿದ್ದಳು. ಪಕ್ಕದಲ್ಲಿ ಮಗ ಕೂತಿದ್ದ. ಹಾಡಿಲ್ಲ, ಮಾತಿಲ್ಲ. ಹೆಂಗಸು ಮುದುಕಿಯ ಗೊಂಬೆಯನ್ನು ಮೆಲ್ಲಗೆ ಪರದೆಯಿಂದ ಬಿಡಿಸಿ ದೀಪದ ಕಡೆಗೆ ಎಳೆದುಕೊಂಡಳು. ನೆರಳು ದೊಡ್ಡದಾಯಿತು. ಅದರ ಅಂಚು ಕರಗಿತು. ಅದು ಮಗನ ಮೇಲೆ ಹರಡಿತು, ಪರದೆಯ ತುಂಬ ಹರಡಿತು. ಕೊನೆಗೆ ಯಾವುದು ಮುದುಕಿ, ಯಾವುದು ಕತ್ತಲೆ ಎಂದು ತಿಳಿಯದಾಯಿತು. ನೀರಿನೊಳಗೂ ಅದೇ ನಡೆಯುತ್ತಿತ್ತು. ಆಟಗಾರ "ಅವ್ವಾ" ಎಂದು ಬಿಕ್ಕಿದ.

ಬೆಳಗಾದಾಗ ದೋಣಿ ಇರಲಿಲ್ಲ. ಹಿರಿಯರು ಹೊಸ ಪರದೆ ಹಿಡಿದು ಆಟಗಾರನ ಮನೆಗೆ ಬಂದರು.

"ಇದು ಅವಳದು," ಎಂದ ಅವನು.

"ಅವಳು ಪಂದ್ಯದಲ್ಲೇ ಇರಲಿಲ್ಲವಲ್ಲ! ನೀನೇ ಬೇಡ ಅಂದೆ," ಎಂದು ಅವರು ಅದನ್ನು ಅವನ ಹೆಗಲಿಗೆ ಹೊದಿಸಿದರು.

ಅಂದಿನಿಂದ ಅವನು ಆ ಪರದೆಯನ್ನು ಹೊಳೆಯ ಕಡೆಗೆ ಮುಖ ಮಾಡಿ ಕಟ್ಟುತ್ತಿದ್ದ. ಗೊಂಬೆಯನ್ನು ದೀಪದ ಕಡೆಗೆ ಎಳೆದು ನೋಡುತ್ತಿದ್ದ. ನೆರಳು ಕದಡುತ್ತಿತ್ತೇ ಹೊರತು ತಾಯಿ ಕತ್ತಲೆಯಲ್ಲಿ ಕರಗಿ ಹೋಗುತ್ತಿರಲಿಲ್ಲ. ಕೈ ಎಲ್ಲಿ ನಿಧಾನಿಸಬೇಕು, ಎಲ್ಲಿ ನಿಲ್ಲಬೇಕು ಎಂದು ಕೇಳೋಣವೆಂದರೆ ಕೇಳಲು ಯಾರಿದ್ದಾರೆ? ಮಂಜು ಕವಿದ ಸಂಜೆಗಳಲ್ಲಿ ಆಚೆ ದಡದಲ್ಲಿ ದೀಪ ಹೊತ್ತಿದಂತೆ ಅವನಿಗೆ ಕಾಣುತ್ತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚಿದಂಬರ, "ಆ ಹೆಂಗಸು ಮತ್ತೆ ಬಂದಳೇ?" ಎಂದು ಕೇಳಿದ.

"ಇಲ್ಲ. ಅವನು ಮಾತ್ರ ಈಗಲೂ ಪ್ರತಿ ವರ್ಷ ಗೆಲ್ಲುತ್ತಲೇ ಇದ್ದಾನೆ," ಎಂದರು ಗುರುಗಳು.