ಲವೀನಾಳ ಕೊನೆಯ ಜಿಗಿತ

ಕ್ರೀಡಾ ಛಾಯಾಗ್ರಾಹಕ ಚಿದಾನಂದಪ್ಪನವರ ಬಳಿ ತಾರಿಣಿ ಎಂಬ ಶಿಷ್ಯೆಯಿದ್ದಳು. ಅವಳ ಕ್ಯಾಮೆರಾ ಹಳೆಯದು. ಸೆಕೆಂಡಿಗೆ ಮೂರೇ ಚಿತ್ರ ತೆಗೆಯುತ್ತಿತ್ತು. ಎಂಟು ತೆಗೆದರೆ ಸುಸ್ತಾಗಿ ನಿಂತುಬಿಡುತ್ತಿತ್ತು.

ಒಂದು ದಿನ ಅವಳು ಮುಖ ಊದಿಸಿಕೊಂಡು ಬಂದಳು.

“ಎತ್ತರ ಜಿಗಿತದ್ದು ನಲವತ್ತು ಚಿತ್ರ ತೆಗೆದೆ ಗುರುಗಳೇ. ಒಂದರಲ್ಲಿ ಹುಡುಗಿ ಏರುತ್ತಿದ್ದಾಳೆ, ಮುಂದಿನದರಲ್ಲಿ ಬೀಳುತ್ತಿದ್ದಾಳೆ. ನಡುವಿನದು ಇಲ್ಲವೇ ಇಲ್ಲ. ಭಾನುವಾರದ ಫೈನಲ್‌ನಲ್ಲೂ ಹೀಗೇ ಆದರೆ ಇನ್ನು ಪತ್ರಿಕೆಗೆ ಬರಬೇಡ ಅಂದಿದ್ದಾರೆ ಸಂಪಾದಕರು. ನನಗೆ ಸೆಕೆಂಡಿಗೆ ಇಪ್ಪತ್ತು ತೆಗೆಯುವ ಕ್ಯಾಮೆರಾ ಬೇಕು.”

ಗುರುಗಳು ಅವಳ ಕ್ಯಾಮೆರಾ ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು.

“ನಡಿ, ಹೊಳೆಗೆ ಹೋಗೋಣ.”

ಹೊಳೆಯಲ್ಲಿ ಈಜುಗಾರರು ಬಂಡೆಯಿಂದ ಮೇಲಕ್ಕೆ ಚಿಮ್ಮಿ ನೀರಿಗೆ ಧುಮುಕುತ್ತಿದ್ದರು.

“ಅವರು ತೀರಾ ಮೇಲಿರುವಾಗ ಒಂದು ಚಪ್ಪಾಳೆ ತಟ್ಟು.”

ಒಬ್ಬ ಜಿಗಿದ. ತಾರಿಣಿ ತಟ್ಟಿದಳು.

“ತಡವಾಯ್ತು.”

“ಮೇಲಿದ್ದದ್ದನ್ನು ನೋಡಿಯೇ ತಟ್ಟಿದೆನಲ್ಲ!”

“ಅದಕ್ಕೇ ತಡವಾಯ್ತು.”

ಮೂರು ದಿನ ಅದೇ ಮಾತು. ಅವಳ ಅಂಗೈ ಕೆಂಪಾಯಿತು.

ನಾಲ್ಕನೆಯ ದಿನ ಅವಳು ಆಕಾಶ ನೋಡುವುದನ್ನೇ ಬಿಟ್ಟು, ಸಿಟ್ಟಿನಿಂದ ಬಂಡೆಯನ್ನೇ ದಿಟ್ಟಿಸುತ್ತ ಕೂತಳು. ಈಜುಗಾರನ ಮಂಡಿ ಬಾಗಿತು. ಹೆಬ್ಬೆರಳು ಕಲ್ಲನ್ನು ಒತ್ತಿತು. ಅವಳ ಕೈ ತಾನಾಗಿಯೇ ಎದ್ದಿತು. ಚಪ್ಪಾಳೆ ಕೇಳಿಸಿದಾಗ ಅವನು ಗಾಳಿಯಲ್ಲಿ ನಿಂತಂತಿದ್ದ.

ಗುರುಗಳು ಜೇಬಿನಿಂದ ಬೀರುವಿನ ಬೀಗದ ಕೈ ತೆಗೆದು ಕೊಟ್ಟರು.

ಭಾನುವಾರ ಮೈದಾನ ತುಂಬಿತ್ತು. ಲವೀನಾ ಎಂಬ ಹುಡುಗಿ ರಾಜ್ಯ ದಾಖಲೆಯ ಎತ್ತರಕ್ಕೆ ಎರಡು ಸಲ ಜಿಗಿದು, ಎರಡು ಸಲವೂ ಅಡ್ಡಕೋಲನ್ನು ಬೀಳಿಸಿದ್ದಳು. ಉಳಿದದ್ದು ಒಂದೇ ಅವಕಾಶ.

ಅವಳು ಓಟ ಶುರುಮಾಡಿದ್ದೇ ತಡ, ಸುತ್ತಲಿನ ಕ್ಯಾಮೆರಾಗಳೆಲ್ಲ ಪಟಪಟನೆ ಬಡಿದುಕೊಳ್ಳತೊಡಗಿದವು. ತಾರಿಣಿಯ ಬೆರಳು ಮಾತ್ರ ಅಲ್ಲಾಡಲಿಲ್ಲ. ಅವಳ ಕಣ್ಣು ಲವೀನಾಳ ಎಡಗಾಲಿನ ಮೇಲಿತ್ತು.

ಆ ಕಾಲು ನೆಲಕ್ಕೆ ಒದೆಯಿತು. ‘ಈಗ’ ಅನ್ನಿಸುವ ಮುಂಚೆಯೇ ತಾರಿಣಿ ಒತ್ತಿಯಾಗಿತ್ತು. ಒಂದೇ ಸಲ.

ಇಳಿಯುವಾಗ ಹಿಮ್ಮಡಿ ತಗುಲಿ ಅಡ್ಡಕೋಲು ನಡುಗಿತು. ಬೀಳಲಿಲ್ಲ. ಮೈದಾನವೇ ಎದ್ದು ಕೂಗಿತು.

ಮಾರನೆಯ ಬೆಳಿಗ್ಗೆ ಪತ್ರಿಕೆಯ ಮುಖಪುಟದ ಉದ್ದಗಲಕ್ಕೂ ಲವೀನಾ ಬಿಲ್ಲಿನಂತೆ ಬಾಗಿ ತೇಲುತ್ತಿದ್ದಳು. ಅವಳ ಬೆನ್ನಿಗೂ ಕೋಲಿಗೂ ನಡುವೆ ಒಂದು ಬೆರಳಿನಷ್ಟು ಬೆಳಕು. ಕೆಳಗೆ ತಾರಿಣಿಯ ಹೆಸರು. ಮುಂದಿನ ಪಂದ್ಯಕ್ಕೂ ನೀನೇ ಹೋಗು ಎಂದು ಸಂಪಾದಕರೇ ಫೋನ್ ಮಾಡಿದ್ದರು.

ಅವಳು ಪತ್ರಿಕೆ ಹಿಡಿದು ಗುರುಗಳ ಮನೆಗೆ ಓಡಿಬಂದಳು. ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು.

“ಒಂದು ವಿಚಿತ್ರ ಗುರುಗಳೇ. ಅವಳು ತೀರಾ ಮೇಲಿದ್ದದ್ದನ್ನು ಅಷ್ಟು ಜನವೂ ನೋಡಿದರು. ನನಗೊಬ್ಬಳಿಗೇ ಕಾಣಲಿಲ್ಲ. ಒತ್ತಿದ ಕೂಡಲೇ ಕ್ಯಾಮೆರಾದೊಳಗಿನ ಕನ್ನಡಿ ಮೇಲೆದ್ದು ಆ ಕ್ಷಣ ಕಣ್ಣೆದುರು ಕತ್ತಲಾಯಿತು.”

ಗುರುಗಳು ಚಿತ್ರದಲ್ಲಿನ ಆ ಬೆಳಕಿನ ಮೇಲೆ ಬೆರಳಿಟ್ಟರು.

“ನೀನು ನೋಡಿದ್ದರೆ ಕ್ಯಾಮೆರಾ ನೋಡುತ್ತಿರಲಿಲ್ಲ.”