ಗಿಲಿಗಿಚ್ಚಿ ಗಿಡಕ್ಕೆ ಬಂದ ನೆಂಟರು

ಒಂದು ಕಾಡಿನ ನಡುವೆ, ಯಾರೋ ನೆಟ್ಟು ಆಮೇಲೆ ಮರೆತುಹೋದ ಹೂದೋಟವಿತ್ತು. ದಾಸವಾಳ, ಕೇಪಳ, ರತ್ನಗಂಧಿ ಎಲ್ಲವೂ ಹೇಳುವವರು ಕೇಳುವವರಿಲ್ಲದೆ ಬೆಳೆದಿದ್ದವು. ಅಲ್ಲಿ ತುಂಬೆಕ್ಕ ಎಂಬ ಸೂರಕ್ಕಿ ವಾಸವಾಗಿದ್ದಳು. ಹೆಬ್ಬೆರಳಿನಷ್ಟು ದೇಹ, ಬಾಗಿದ ಸೂಜಿಯಂಥ ಕೊಕ್ಕು. ಬೆಳಗಿನಿಂದ ಸಂಜೆಯವರೆಗೆ ಹೂವಿಂದ ಹೂವಿಗೆ ಹಾರಿ ಜೇನು ಹೀರುವುದೇ ಅವಳ ಕೆಲಸ.

ಪ್ರತಿ ವರ್ಷ ಮಳೆ ನಿಂತು ನವರಾತ್ರಿ ಕಳೆದ ಮೇಲೆ ಆ ತೋಟಕ್ಕೆ ನೆಂಟರು ಬರುತ್ತಿದ್ದರು. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಗೆರೆ ಎಳೆದುಕೊಂಡ ಚಿಟ್ಟೆಗಳು. ಬಯಲುಸೀಮೆಯಿಂದ ಹೊರಟು ಪಶ್ಚಿಮದ ಬೆಟ್ಟಗಳಿಗೆ ಹೋಗುವ ದಾರಿಯಲ್ಲಿ ಮೂರು ದಿನ ಅಲ್ಲಿ ತಂಗುತ್ತಿದ್ದವು. ಆ ಮೂರು ದಿನ ತುಂಬೆಕ್ಕ ಅರ್ಧ ಹೊಟ್ಟೆಯಲ್ಲಿದ್ದರೂ ಸರಿ, ಕೊಂಬೆ ಬಿಟ್ಟು ಕದಲುತ್ತಿರಲಿಲ್ಲ. ಬಿಸಿಲೇರಿದಂತೆ ನೂರಾರು ರೆಕ್ಕೆಗಳು ಒಟ್ಟಿಗೆ ತೆರೆಯುವುದನ್ನು ನೋಡುತ್ತ ಕೂತುಬಿಡುತ್ತಿದ್ದಳು.

ಒಂದು ವಿಷಯ ಮಾತ್ರ ಅವಳಿಗೆ ಅರ್ಥವಾಗಿರಲಿಲ್ಲ. ಇಷ್ಟೆಲ್ಲ ಹೂವಿದ್ದರೂ ಚಿಟ್ಟೆಗಳು ಬೇಲಿಮೂಲೆಯ ಗಿಲಿಗಿಚ್ಚಿ ಗಿಡಗಳಿಗೇ ಮುತ್ತುತ್ತಿದ್ದವು. ಗಾಳಿಗೆ ಗಿಲಿಗಿಲಿ ಎನ್ನುವ ಒಣಕಾಯಿ, ಬಾಡಿದ ಎಲೆ, ಮುರಿದ ಕಡ್ಡಿ. ಆಡು ಕೂಡ ಮೂಸಿ ಬಿಟ್ಟುಹೋಗುವ ಗಿಡ. ಊರೂರು ತಿರುಗುವವರ ಊಟದ ರೀತಿಯೇ ಬೇರೆ ಇರಬೇಕು ಎಂದುಕೊಂಡು ತುಂಬೆಕ್ಕ ಸುಮ್ಮನಿದ್ದಳು.

ಅದೇ ತೋಟದಲ್ಲಿ ಮುಳ್ಳಪ್ಪ ಎಂಬ ಓತಿಕ್ಯಾತ ಇದ್ದ. ತನ್ನ ಬಂಡೆಯಿಂದ ಇಪ್ಪತ್ತು ಮಾರು ಆಚೆ ಹೋದವನಲ್ಲ, ಆದರೆ ಎಲ್ಲ ದೇಶಗಳ ಬಗ್ಗೆಯೂ ಅವನಿಗೊಂದು ಅಭಿಪ್ರಾಯವಿತ್ತು. ಯಾರು ಏನು ಹೇಳಿದರೂ ತಲೆಯಾಡಿಸುತ್ತಿದ್ದ. ಹಾಗಾಗಿ ಪ್ರತಿಯೊಬ್ಬರೂ ಅವನನ್ನು ತಮ್ಮ ಕಡೆಯವನೆಂದೇ ತಿಳಿದಿದ್ದರು.

ಮುಳ್ಳಪ್ಪನಿಗೆ ಚಿಟ್ಟೆಗಳ ಮೇಲೆ ಆಸೆಯಿತ್ತು. ಹಿಂದಿನ ವರ್ಷ ಅವು ಬಂದ ದಿನ ಒಂದನ್ನು ಹಿಡಿದಿದ್ದ. ಸ್ವಲ್ಪ ಒಗರು, ಅಷ್ಟೆ. ಹೊರಡುವ ದಿನ ಇನ್ನೊಂದನ್ನು ಹಿಡಿದ. ಅದು ಬಾಯಿಗೆ ಬಿದ್ದದ್ದೇ ತಡ, ಎರಡು ದಿನ ಹೊಟ್ಟೆ ತೊಳಸಿ ಬಂಡೆಯ ಮೇಲೆ ಬೋರಲು ಬಿದ್ದಿದ್ದ. ಆಮೇಲೆ ವರ್ಷವಿಡೀ ಬಿಸಿಲಿಗೆ ಮೈ ಕಾಯಿಸುತ್ತ ಯೋಚಿಸಿದ. ಬರುವಾಗ ಇಲ್ಲದ ಕಹಿ ಹೋಗುವಾಗ ಎಲ್ಲಿಂದ ಬಂತು? ಆ ಗಿಲಿಗಿಚ್ಚಿ ಗಿಡದಿಂದಲೇ ಬಂದಿರಬೇಕು. ಗಿಡ ತಪ್ಪಿಸಿದರೆ ಕಹಿ ತಪ್ಪಿತು. ಮೇಲೆ ಜೇನು ಕುಡಿಸಿದರೆ ಮೈಯೂ ತುಂಬಿ ಸಿಹಿಯಾಯಿತು. ಬಡಿಸುವ ಶ್ರಮ ಇನ್ನೊಬ್ಬರದ್ದಾದರೆ ಇನ್ನೂ ಒಳ್ಳೆಯದು.

ನೆಂಟರು ಬರುವ ಹಿಂದಿನ ದಿನ ಅವನು ತುಂಬೆಕ್ಕನ ಕೊಂಬೆಯ ಕೆಳಗೆ ಬಂದ. ಹವೆ ಹೇಗಿದೆ, ಹೂವು ಹೇಗಿದೆ ಎಂದೆಲ್ಲ ವಿಚಾರಿಸಿದ. ಆಮೇಲೆ ನಿಟ್ಟುಸಿರು ಬಿಟ್ಟ.

“ನಿನ್ನ ತೋಟಕ್ಕೆ ಬಂದವರು ಮೂಲೆಯಲ್ಲಿ ಕೂತು ಒಣಗಿದ ಎಲೆ ನೆಕ್ಕಿ ಹೋಗ್ತಾರಲ್ಲ ತುಂಬೆಕ್ಕ, ನೋಡಿದವರು ಏನಂದಾರು?”

ತುಂಬೆಕ್ಕನ ಮುಖ ಸಣ್ಣದಾಯಿತು. ಅವರಿಗೆ ಅದೇ ಇಷ್ಟವೇನೋ ಎಂದಳು. ಮುಳ್ಳಪ್ಪ ತಲೆಯಾಡಿಸಿದ. ಪಾಪ, ಯಾರೂ ಕರೆದು ಕೂರಿಸುವುದಿಲ್ಲ, ಅದಕ್ಕೇ ಕಸ ತಿನ್ನುತ್ತಾರೆ, ಮರ್ಯಾದಸ್ಥರು ಬಾಯಿಬಿಟ್ಟು ಕೇಳುತ್ತಾರೆಯೇ ಎಂದ. ಆ ಮೂಲೆಯನ್ನು ನಾನೇ ಚೊಕ್ಕಟ ಮಾಡಿಕೊಡುತ್ತೇನೆ, ನೀನು ಊಟದ ವ್ಯವಸ್ಥೆ ನೋಡಿಕೋ ಎಂದೂ ಹೇಳಿದ. ಎಂಥ ಒಳ್ಳೆಯ ನೆರೆಯವನು ಎಂದು ತುಂಬೆಕ್ಕನಿಗೆ ಕಣ್ಣು ತುಂಬಿ ಬಂತು.

ಅಂದು ಸಂಜೆಯೊಳಗೆ ಮುಳ್ಳಪ್ಪ ಗಿಲಿಗಿಚ್ಚಿ ಗಿಡಗಳನ್ನೆಲ್ಲ ಬುಡದಲ್ಲಿ ಕಚ್ಚಿ ಕಚ್ಚಿ ಉರುಳಿಸಿದ. ಬಾಯಿಂದ ಬಾಲದವರೆಗೆ ಅದರ ರಸ ಮೆತ್ತಿತು. ಒಂದೊಂದೇ ಗಿಡವನ್ನು ಎಳೆದುಕೊಂಡು ಹೋಗಿ ತನ್ನ ಬಂಡೆಯ ಹಿಂದೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ರಾಶಿ ಹಾಕಿದ.

ಮರುದಿನ ಮೋಡ ಕವಿದ ಬೆಳಿಗ್ಗೆ ಚಿಟ್ಟೆಗಳು ಬಂದವು. ಸುಮಾರು ನಾನೂರು ಇದ್ದವು. ಅವನ್ನು ಕರೆತಂದವಳು ನೀಲವ್ವ. ಹಿಂದಿನ ವರ್ಷ ಈ ದಾರಿಯಲ್ಲಿ ಹೋಗಿಬಂದವಳು ಅವಳೊಬ್ಬಳೇ, ಉಳಿದವರೆಲ್ಲ ಬಯಲಿನಲ್ಲಿ ಹುಟ್ಟಿದ ಹೊಸಬರು. ರೆಕ್ಕೆಯ ಬಣ್ಣ ಮಾಸಿದ್ದರೂ ಅವಳ ನಡವಳಿಕೆ ಗಟ್ಟಿ. ತುಂಬೆಕ್ಕ ಎದುರುಹೋಗಿ, ಈ ಸಲ ಮೂಲೆಯಲ್ಲಿ ಕೂರುವ ಮಾತೇ ಇಲ್ಲ ಎಂದು ಎಲ್ಲರನ್ನೂ ದಾಸವಾಳದ ಸಾಲಿಗೆ ಕರೆದೊಯ್ದಳು. ಒಂದು ಹೂವು ಮುಗಿಸಿದರೆ ಇನ್ನೊಂದು ತೋರಿಸಿದಳು. ಸಾಕು ಎಂದವರಿಗೆ ನನಗೋಸ್ಕರ ಒಂದೇ ಒಂದು ಎಂದಳು. ಅದೂ ಮುಗಿಸಿದವರಿಗೆ ಕೇಪಳದ ರುಚಿ ನೋಡದೆ ಎದ್ದರೆ ನನಗೆ ಬೇಸರವಾಗುತ್ತದೆ ಎಂದಳು. ಸಂಜೆಯ ಹೊತ್ತಿಗೆ ಹೊಸಬರಿಗೆ ರೆಕ್ಕೆ ಎತ್ತಲೂ ಆಗಲಿಲ್ಲ. ಇಂಥ ತೋಟ ದಾರಿಯುದ್ದಕ್ಕೂ ಇರಬಾರದೇ ಎಂದು ಅವರವರೇ ಮಾತಾಡಿಕೊಂಡರು.

ನೀಲವ್ವ ಮಾತ್ರ ಬೇಲಿಮೂಲೆಗೆ ಒಮ್ಮೆ ಹೋಗಿಬಂದಳು. ಅಲ್ಲಿ ಬರೀ ಬುಡಗಳಿದ್ದವು. ಏನೋ ಹೇಳಲು ತುಂಬೆಕ್ಕನ ಹತ್ತಿರ ಬಂದಳು. ಸುಸ್ತಾಗಿ, ಸಂತೋಷವಾಗಿ, ನಾಳೆ ರತ್ನಗಂಧಿ ಎಂದು ಹೇಳುತ್ತಿದ್ದ ಆ ಮುಖ ನೋಡಿ ಹೇಳದೆ ಹೋದಳು.

ಎರಡನೆಯ ದಿನ ಮೋಡ ಹರಿದು ಚುರುಕು ಬಿಸಿಲು ಬಿತ್ತು. ಮಧ್ಯಾಹ್ನದವರೆಗೂ ಉಪಚಾರ ನಡೆಯಿತು. ಕೊನೆಗೆ ನೀಲವ್ವ ತಡೆಯಲಾರದೆ ತುಂಬೆಕ್ಕನ ಕೊಂಬೆಗೆ ಬಂದು ಕೂತಳು.

“ತುಂಬೆಕ್ಕ, ನಿಮ್ಮ ಜೇನಿನಲ್ಲಿ ಏನೂ ಕೊರತೆಯಿಲ್ಲ. ಆದರೆ ನಾವು ಇಲ್ಲಿಗೆ ಬರೋದು ಜೇನಿಗಲ್ಲ. ಆ ಗಿಡದ ಕಹಿಗೆ.”

ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಮುಂದಿನ ಕಣಿವೆಯಲ್ಲಿ ಕಾಜಾಣ ಹಕ್ಕಿಗಳು ಚಿಟ್ಟೆ ಹಿಡಿಯಲು ಸಾಲಾಗಿ ಕಾಯುತ್ತವೆ. ಗಿಲಿಗಿಚ್ಚಿ ನೆಕ್ಕಿದ ಚಿಟ್ಟೆಯನ್ನು ಕಚ್ಚಿದ ಕಾಜಾಣ ಥೂ ಎಂದು ಉಗುಳುತ್ತದೆ, ಉಳಿದವು ಅದನ್ನು ನೋಡಿ ದೂರವಿರುತ್ತವೆ. ಹಾಗೆ ಇಡೀ ಗುಂಪು ಬೆಟ್ಟ ದಾಟುತ್ತದೆ. ಈ ಹೊಸಬರಲ್ಲಿ ಒಬ್ಬರೂ ಇನ್ನೂ ಆ ಕಹಿ ಮುಟ್ಟಿಲ್ಲ. ಹೀಗೇ ಹೊರಟರೆ ಆಚೆಗೆ ಒಬ್ಬರೂ ತಲುಪುವುದಿಲ್ಲ.

ತುಂಬೆಕ್ಕ ಬೇಲಿಮೂಲೆಯ ಕಡೆ ತಿರುಗಿ ನೋಡಿದಳು. “ಇದನ್ನ ನಿನ್ನೆಯೇ ಹೇಳಬಾರದಿತ್ತೇ?”

“ನೀವು ಅಷ್ಟು ಪ್ರೀತಿಯಿಂದ ಬಡಿಸುವಾಗ ಹೇಗೆ ಹೇಳಲಿ ತಾಯಿ?” ಎಂದಳು ನೀಲವ್ವ.

ತುಂಬೆಕ್ಕ ನೇರವಾಗಿ ಮುಳ್ಳಪ್ಪನ ಬಂಡೆಗೆ ಹಾರಿ, ಕಿತ್ತ ಗಿಡಗಳು ಎಲ್ಲಿವೆ ಎಂದು ಕೇಳಿದಳು. ಮುಳ್ಳಪ್ಪ ತಲೆಯಾಡಿಸಿ, ಎಲ್ಲವನ್ನೂ ಹಳ್ಳಕ್ಕೆ ಎಸೆದೆ, ಅವು ಆಗಲೇ ತೇಲಿಹೋದವು ಎಂದ. ಹೇಳುವಾಗ ಅವನ ಕಣ್ಣು ದಾಸವಾಳದ ಮೇಲಿದ್ದ ದಪ್ಪ ದಪ್ಪ ಚಿಟ್ಟೆಗಳ ಮೇಲಿತ್ತು. ತುಂಬೆಕ್ಕ ಆ ನೋಟವನ್ನು ನೋಡಿದಳು. ನೆರೆಯವನ ಒಳ್ಳೆಯತನ ಏನೆಂದು ಅವಳಿಗೆ ಆಗ ತಿಳಿಯಿತು. ತಿಳಿದು ಏನು ಮಾಡುವುದು? ಗಿಡ ಹೋಗಿತ್ತು.

ಆದರೆ ಬಂಡೆಯ ಆಚೆಯ ಪ್ರಪಂಚ ನೋಡದ ಮುಳ್ಳಪ್ಪನಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಚಿಟ್ಟೆಗಳಿಗೆ ಬೇಕಾದದ್ದು ಹಸಿರಾಗಿ ನಿಂತ ಗಿಲಿಗಿಚ್ಚಿಯಲ್ಲ. ಗಾಯಗೊಂಡು, ಮುರಿದು, ಬಾಡಿದ ಗಿಲಿಗಿಚ್ಚಿ. ನಿಂತ ಗಿಡಕ್ಕೆ ಹತ್ತು ಚಿಟ್ಟೆ ಬಂದರೆ ಬಾಡಿದ್ದಕ್ಕೆ ನೂರು ಬರುತ್ತವೆ. ಅವನು ಒಂದೂ ಬಿಡದೆ ಕಚ್ಚಿ ಗಾಯಮಾಡಿ, ಒಟ್ಟು ಮಾಡಿ, ಬಿಸಿಲಿಗೆ ಹಾಕಿಟ್ಟಿದ್ದ.

ಮಧ್ಯಾಹ್ನದ ಗಾಳಿ ಬಂಡೆಯ ಕಡೆಯಿಂದ ಬೀಸಿತು. ನೀಲವ್ವನ ಕುಡಿಮೀಸೆಗಳು ನೆಟ್ಟಗಾದವು. ಹೊಸಬರಿಗೂ ಏನೋ ಆಯಿತು. ಯಾರೂ ಕಲಿಸಿರಲಿಲ್ಲ, ಆದರೂ ನಾನೂರು ಚಿಟ್ಟೆಗಳು ಹೂವು ಬಿಟ್ಟು ಒಟ್ಟಿಗೆ ಎದ್ದವು. ನೇರ ಮುಳ್ಳಪ್ಪನ ಕಡೆಗೆ ಬಂದವು. ಊಟ ತಾನಾಗಿ ಬಾಯಿಗೆ ಬರುತ್ತಿದೆ ಎಂದು ಮುಳ್ಳಪ್ಪ ರಾಶಿಯ ಮೇಲೆ ಹತ್ತಿ ಬಾಯಿ ತೆರೆದು ಕೂತ.

ನೀಲವ್ವ ಎಲ್ಲರಿಗಿಂತ ಮುಂದೆ ಹಾರಿ ಬಂದು ಅವನ ಮೂಗಿನ ಎದುರೇ ಇಳಿದಳು. ಕಳೆದ ವರ್ಷದ ಕಹಿಯೆಲ್ಲ ಇನ್ನೂ ಮೈಯಲ್ಲಿದ್ದವಳು ಅವಳೊಬ್ಬಳೇ. ಮುಳ್ಳಪ್ಪ ಗಬಕ್ಕನೆ ಹಿಡಿದ, ಒಮ್ಮೆ ಅಗಿದ, ಅಷ್ಟೇ ಬೇಗ ಉಗುಳಿದ. ನೀಲವ್ವನ ರೆಕ್ಕೆಯ ಒಂದು ಅಂಚು ಹರಿದಿತ್ತು. ಅವಳು ಮೈ ಕೊಡವಿಕೊಂಡು ಎದ್ದು ಒಣ ಎಲೆಯ ಮೇಲೆ ಕೂತಳು. ಕಹಿಗೆ ತಲೆ ತಿರುಗಿ ರಾಶಿಯ ಮೇಲೆ ಬೋರಲು ಬಿದ್ದ ಮುಳ್ಳಪ್ಪ ಎದ್ದೇಳಲಿಲ್ಲ.

ತುಂಬೆಕ್ಕ ಬಂಡೆಯ ಮೇಲಿಂದ ಬಾಗಿ ನೋಡಿದಳು. “ಇನ್ನೊಂದು ಹಾಕಲೇ, ಮುಳ್ಳಪ್ಪ? ಸಂಕೋಚ ಮಾಡ್ಕೋಬೇಡ.”

ಮುಳ್ಳಪ್ಪ ಮೊದಲ ಬಾರಿಗೆ ತಲೆಯಾಡಿಸಲಿಲ್ಲ. ಅಷ್ಟರಲ್ಲಿ ಚಿಟ್ಟೆಗಳಿಗೆ ಅವನ ಮೈಯ ರಸದ ವಾಸನೆಯೂ ಸಿಕ್ಕಿತು. ರಾಶಿಯಲ್ಲಿ ಜಾಗ ಸಿಗದವರು ಅವನ ತಲೆ, ಬೆನ್ನು, ಬಾಲದ ತುದಿಯವರೆಗೂ ಕೂತು ನೆಕ್ಕತೊಡಗಿದರು. ಎಲೆಯ ಬಣ್ಣಕ್ಕೆ ತಿರುಗಿ ಯಾರಿಗೂ ಕಾಣದಂತೆ ಕೂತು ಬೇಟೆಯಾಡುವವನು ಈಗ ನೀಲಿ ಜರಿಪೇಟ ಸುತ್ತಿದ ಮದುಮಗನಂತೆ ಕಂಡ. ಅಳಿಲು ನೋಡಿ ನಕ್ಕಿತು, ಅದರ ನಗು ಕೇಳಿ ಮೊಲ ಬಂತು, ಮೊಲದ ಹಿಂದೆ ಇಡೀ ಕಾಡು ಬಂದು ನೋಡಿಹೋಯಿತು. ಆ ವಾಸನೆ ತಿಂಗಳಾದರೂ ಬಿಡಲಿಲ್ಲ. ಅವನು ಎಲ್ಲಿ ಕೂತರೂ ನೊಣಕ್ಕೂ ಮಿಡತೆಗೂ ಮೊದಲೇ ಸುದ್ದಿ ತಲುಪುತ್ತಿತ್ತು. ಬಂಡೆಯ ಸಂದಿನ ಗೆದ್ದಲು ತಿಂದು ದಿನ ದೂಡಿದ.

ಚಿಟ್ಟೆಗಳು ಆ ವರ್ಷ ಒಂದು ದಿನ ಹೆಚ್ಚು ನಿಂತವು. ಹೊರಡುವ ದಿನ ತುಂಬೆಕ್ಕನಿಗೆ ಮನಸ್ಸು ತಡೆಯಲಿಲ್ಲ, ಕಣಿವೆಯವರೆಗೂ ಜೊತೆಗೆ ಹಾರಿದಳು. ಕಾಜಾಣಗಳು ಕೊಂಬೆಗಳ ಮೇಲೆ ಸಾಲಾಗಿ ಕೂತಿದ್ದವು. ಒಂದು ಕಾಜಾಣ ಎರಗಿ ಒಂದು ಚಿಟ್ಟೆಯನ್ನು ಕಚ್ಚಿತು. ಕಚ್ಚಿದ್ದನ್ನು ಕೂಡಲೇ ಬಿಟ್ಟು, ಕೊಕ್ಕನ್ನು ತೊಗಟೆಗೆ ಎರಡು ಸಲ ಉಜ್ಜಿಕೊಂಡಿತು. ಬಿಟ್ಟ ಚಿಟ್ಟೆ ತಡವರಿಸಿ ಮತ್ತೆ ಸಾಲು ಸೇರಿತು. ಉಳಿದ ಕಾಜಾಣಗಳು ಬೇರೆ ಕಡೆ ನೋಡತೊಡಗಿದವು. ನೀಲವ್ವ ಮುಂದೆ, ನಾನೂರು ಜನ ಹಿಂದೆ, ಒಬ್ಬೊಬ್ಬರಾಗಿ ಬೆಟ್ಟದ ತಲೆ ದಾಟಿದರು. ಕೊನೆಯ ರೆಕ್ಕೆ ಮರೆಯಾದ ಮೇಲೆ ತುಂಬೆಕ್ಕ ಹಿಂತಿರುಗಿದಳು.

ಮಳೆ ಬಂತು. ಮುಳ್ಳಪ್ಪ ಹಾಕಿದ ರಾಶಿಯ ಕಾಯಿಗಳು ಒಡೆದು, ಬೀಜ ಚೆಲ್ಲಿ, ಅವನ ಬಂಡೆಯ ಸುತ್ತಲೂ ಸೊಂಟದೆತ್ತರ ಗಿಲಿಗಿಚ್ಚಿ ಬೆಳೆಯಿತು. ಅವನು ಬೇರೆ ಬಂಡೆ ಹುಡುಕಿಕೊಂಡು ಹೋದ. ಹಾಗೆ ಅವನೂ ಕೊನೆಗೆ ಸ್ವಲ್ಪ ದೇಶ ನೋಡಿದ.

ಮರುವರ್ಷ ನೀಲವ್ವ ಬರಲಿಲ್ಲ. ಚಿಟ್ಟೆಗಳ ಆಯಸ್ಸು ಅಷ್ಟೇ. ಬಂದವರೆಲ್ಲ ತೋಟವನ್ನು ಮೊದಲ ಸಲ ನೋಡುವವರು. ತುಂಬೆಕ್ಕ ಅವರ ಎದುರು ಹೋಗಿ ಕೂತು, ಹೂವಿನ ಸುದ್ದಿಯನ್ನೇ ಎತ್ತದೆ, “ದೂರದಿಂದ ಬಂದಿದ್ದೀರಿ. ನಿಮಗೇನು ಬೇಕು?” ಎಂದು ಕೇಳಿದಳು. ಒಂದು ಎಳೆಯ ಚಿಟ್ಟೆ ಸಂಕೋಚದಿಂದ, ಇಲ್ಲಿ ಏನಾದರೂ ಕಹಿಯಾದದ್ದು ಸಿಗುತ್ತದೆಯೇ ಎಂದಿತು.

ತುಂಬೆಕ್ಕ ಬಂಡೆಯ ಕಡೆ ಕೊಕ್ಕು ತೋರಿಸಿ, ತನ್ನ ಕೊಂಬೆಗೆ ಹೋಗಿ ನೆಮ್ಮದಿಯಾಗಿ ಕೂತು ನೋಡತೊಡಗಿದಳು.

ನೀತಿ: ಬಡಿಸುವ ಮೊದಲು ಏನು ಬೇಕೆಂದು ಕೇಳಬೇಕು, ಬೇಕಾದದ್ದನ್ನು ಸಂಕೋಚವಿಲ್ಲದೆ ಹೇಳಬೇಕು, ಇನ್ನೊಬ್ಬರ ಒಳ್ಳೆಯತನವನ್ನು ಬಲೆಯಾಗಿ ಬೀಸುವವನು ಆ ಬಲೆಯಲ್ಲಿ ತಾನೇ ಸಿಕ್ಕಿಬೀಳುತ್ತಾನೆ.