ಗಬ್ಬದ ಹಸುಗಳ ಪಟ್ಟಿ

"ಏಳನೇ ಕ್ಲಾಸಿಗೇ ಓದು ಬಿಟ್ಟವಳ ಕೈಯಲ್ಲಿ ಕಂಪ್ಯೂಟರ್ ಆಗೋ ಮಾತಲ್ಲ" ಅಂದಿದ್ದವನು ಸಾಕವ್ವನ ಸ್ವಂತ ಅಣ್ಣ. ಹೇಳಿಕೊಡುವವರಿಲ್ಲದೆ ಅವಳು ಒಬ್ಬಳೇ ಪುಸ್ತಕ ಓದಿ ಕಲಿತಳು. ಊರಿನ ಹಾಲಿನ ಡೇರಿಗೆ ಪ್ರೋಗ್ರಾಮ್ ಬರೆದು, ಅಲ್ಲೇ ಕೆಲಸಕ್ಕೆ ಸೇರಿದಳು.

ಪಶು ಆಸ್ಪತ್ರೆಯ ಪ್ರೋಗ್ರಾಮ್ ಗಬ್ಬದ ಹಸುಗಳ ಪಟ್ಟಿ ಕಳಿಸುವಾಗ ಹಸುವಿನ ಹೆಸರಿರಬೇಕಾದ ಕಡೆ ಮಾಲೀಕರ ಹೆಸರು ತುಂಬುತ್ತಿತ್ತು. ಇಂಥ ಹಸು ನಮ್ಮಲ್ಲಿಲ್ಲ ಎಂದು ಸಾಕವ್ವನ ಪ್ರೋಗ್ರಾಮ್ ಪ್ರತಿಸಲವೂ ಅದನ್ನು ವಾಪಸ್ ಕಳಿಸುತ್ತಿತ್ತು.

ತಾವೂ ಹಸು ಸಾಕಿದ್ದ ಡೇರಿಯ ಸೆಕ್ರೆಟರಿ ವಿರೂಪಾಕ್ಷಪ್ಪ ರೇಗಿದರು. "ಆಸ್ಪತ್ರೆಯವರು ಕಳಿಸಿದ್ದಕ್ಕೆ ತಕರಾರು ತೆಗೆಯೋಕೆ ನೀನ್ಯಾರಮ್ಮ? ಬಂದದ್ದೆಲ್ಲ ತಗೊಳ್ಳೋ ಹಾಗೆ ಮಾಡು. ಇಲ್ಲ, ಕೆಲಸ ಬಿಡು."

"ಆಗಲಿ ಸಾರ್. ಅದನ್ನೇ ಒಂದು ಚೀಟೀಲಿ ಬರೆದುಕೊಡಿ."

ಅವರು ಬರೆದುಕೊಟ್ಟರು. ಅವಳು ಹಾಗೇ ಮಾಡಿದಳು. ಬಂದ ಪಟ್ಟಿ ಬಂದ ಹಾಗೇ ಡೇರಿಯಿಂದ ಪರೀಕ್ಷೆ ಮಾಡುವ ಡಾಕ್ಟರಿಗೆ ಹೋಯಿತು.

ಮರುದಿನ, ಊರಿಗೆ ಹೊಸಬರಾದ ಆ ದನದ ಡಾಕ್ಟರು ಮೊಣಕೈವರೆಗೆ ಗ್ಲೌಸ್ ಏರಿಸಿಕೊಂಡು, ಡೇರಿ ಕಳಿಸಿದ ಪಟ್ಟಿ ಹಿಡಿದು ಬಂದರು. "ವಿರೂಪಾಕ್ಷಪ್ಪ ಎಲ್ಲಿ? ಏಳು ತಿಂಗಳ ಗಬ್ಬ ಅಂತಿದೆ. ಪರೀಕ್ಷೆ ಮಾಡಬೇಕು."

"ಅಗೋ, ಕುರ್ಚಿ ಮೇಲಿದ್ದಾರೆ ಸಾರ್" ಅಂದಳು ಸಾಕವ್ವ.

ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು, ಒಬ್ಬರ ಹೆಗಲು ಒಬ್ಬರು ಹಿಡಿದು ನಕ್ಕರು. ಸಾಕವ್ವನಿಗೆ ಹಿಡಿಯಲು ಹೆಗಲಿರಲಿಲ್ಲ. ಸೆಕ್ರೆಟರಿ ತಲೆಯೆತ್ತದೆ, "ಮೊದಲಿನ ಹಾಗೇ ನೋಡಿ ತಗೊಳ್ಳಮ್ಮ, ತಪ್ಪಿದ್ರೆ ವಾಪಸ್ ಕಳಿಸು" ಅಂದರು.

ಈಗ ಹದಿನಾಲ್ಕು ಡೇರಿಗಳಲ್ಲಿ ಅವಳ ಪ್ರೋಗ್ರಾಮ್ ಓಡುತ್ತಿದೆ. ಅವಳ ಹೆಸರಿನಲ್ಲಿ ಎರಡು ಕೋಣೆಯ ಮನೆಯಿದೆ. ಸೆಕ್ರೆಟರಿಗೆ ಹೆದರಿ, ಅಂದಿನಿಂದ ಊರಿನ ಡೇರಿಯಲ್ಲಿ ಯಾರೂ ಅವಳ ಪಕ್ಕ ಕೂತು ಬುತ್ತಿ ಬಿಚ್ಚಿಲ್ಲ.